ಗರ್ಭಕೋಶದ ಆಪರೇಷನ್ನು: ನಿರ್ಧಾರ ಯಾರದು, ವಿಶ್ರಾಂತಿ ಎಷ್ಟು ದಿನ?

(ಕಾರ್ಮಿಕ ಸಂಘದ ಮಹಿಳಾ ವಿಭಾಗದವರು ಕಳೆದ ಭಾನುವಾರ ಕರೆದಿದ್ದ ಸಭೆಯಲ್ಲಿ ನೂಲಿನ ಗಿರಣಿಯ ವೈಂಡಿಂಗ್ ಖಾತೆಯ ಸೋದರಿಯೊಬ್ಬರು ಮಾಡಿದ ಭಾಷಣ. ಅವರ ಅಪೇಕ್ಷೆಯಂತೆ ಹೆಸರು ಕೊಟ್ಟಿಲ್ಲ. — ಸಂ.)



ನಾನು ಭಾಷಣ ಮಾಡಿ ರೂಢಿಯಿದ್ದವಳಲ್ಲ. 22 ವರ್ಷದಿಂದ ಗಿರಣಿಯ ಸದ್ದಿನಲ್ಲಿ ಕೂಗಿ ಮಾತಾಡಿ ಅಭ್ಯಾಸವಾಗಿರುವುದರಿಂದ ನನ್ನ ದನಿ ಕೊನೆಯ ಸಾಲಿನವರಿಗೂ ಕೇಳಿಸುತ್ತದೆ. ನನಗಿರುವ ಯೋಗ್ಯತೆ ಅಷ್ಟೇ. ಈ ವಿಷಯದ ಮೇಲೆ ಮಾತಾಡಬೇಕೆಂದು ಕಾರ್ಯದರ್ಶಿಗಳು ಹೇಳಿದಾಗ, "ಗಂಡಸರಿರುವ ಸಭೆಯಲ್ಲಿ ಇದನ್ನು ಹೇಗೆ ಹೇಳಲಿ?" ಎಂದು ಕೇಳಿದೆ. ಆಮೇಲೆ ಯೋಚಿಸಿ ನೋಡಿದರೆ, ಗಂಡಸರಿಗೇ ಮೊದಲು ಹೇಳಬೇಕಾಗಿದೆ ಎನ್ನಿಸಿತು. ಏಕೆಂದರೆ ಆಪರೇಷನ್ನಿಗೆ ದುಡ್ಡು ಹೊಂದಿಸುವವರು ಅವರು, ಕಾಗದಕ್ಕೆ ರುಜು ಹಾಕುವವರು ಅವರು, ಹದಿನೈದನೆಯ ದಿನ ಬಾಗಿಲಲ್ಲಿ ನಿಂತು "ಇನ್ನೂ ಮಲಗಿಯೇ ಇದ್ದೀಯಾ?" ಎಂದು ಕೇಳುವವರೂ ಅವರೇ. (ನಗು.)

ನನ್ನ ತೊಂದರೆ ಶುರುವಾದುದು 2020ರಲ್ಲಿ. ಮುಟ್ಟು ನಾಲ್ಕು ದಿನದ್ದು ಎಂಟು ದಿನವಾಯಿತು, ಎಂಟು ಹನ್ನೆರಡಾಯಿತು. ಗಡ್ಡೆಗಡ್ಡೆಯಾಗಿ ರಕ್ತ ಹೋಗುತ್ತಿತ್ತು. ಪಾಳಿಯ ನಡುವೆ ಎರಡು ಸಲ ಬಟ್ಟೆ ಬದಲಾಯಿಸಲು ಹೋದರೆ ಮೇಸ್ತ್ರಿ ಗಡಿಯಾರ ನೋಡುತ್ತಾನೆ. ಆದುದರಿಂದ ಗಾಢ ಬಣ್ಣದ ಸೀರೆ ಉಟ್ಟು, ಒಳಗೆ ಎರಡು ಪಟ್ಟು ಬಟ್ಟೆ ಇಟ್ಟು, ನೀರು ಕುಡಿಯುವುದನ್ನೇ ಕಡಮೆ ಮಾಡಿ ದಿನ ತಳ್ಳಿದೆ. ಇಲ್ಲಿ ಕೂತಿರುವ ಅಕ್ಕಿ ಗಿರಣಿಯ ಅಕ್ಕಂದಿರಿಗೆ, ಮಂಡಕ್ಕಿ ಭಟ್ಟಿಯ ತಂಗಿಯರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ನಲವತ್ತು ದಾಟಿದ ಮೇಲೆ ಇದೆಲ್ಲ ಇದ್ದದ್ದೇ ಎಂದು ಅತ್ತೆಯವರೂ ಹೇಳಿದರು, ನಾನೂ ನಂಬಿದೆ. ಎರಡು ವರ್ಷ ಕಳೆದ ಮೇಲೆ ಒಂದು ದಿನ ಮಷೀನಿನ ಪಕ್ಕದಲ್ಲೇ ಕಣ್ಣು ಕತ್ತಲೆ ಬಂದು ಕುಸಿದೆ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 6.9. ಹೆಂಗಸಿಗೆ 12 ಇರಬೇಕು.

ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಹೋದೆವು, ಹೆಸರು ಬೇಡ. ಸ್ಕ್ಯಾನಿಂಗ್ ಮಾಡಿದರು. ಗರ್ಭಕೋಶದಲ್ಲಿ ಮಾಂಸದ ಗಡ್ಡೆಗಳಿವೆ, ಅದಕ್ಕೆ ಫೈಬ್ರಾಯ್ಡ್ ಎನ್ನುತ್ತಾರೆ ಎಂದರು. ಅಲ್ಲಿಯವರೆಗೆ ಸರಿ. ಮುಂದಿನ ಮಾತು ಎರಡು ನಿಮಿಷದಲ್ಲಿ ಮುಗಿಯಿತು: "ಮಕ್ಕಳಾಗಿವೆ ಅಲ್ಲವೆ? ಇನ್ನೇಕೆ ಆ ಚೀಲ? ತೆಗೆಸಿಬಿಡಿ. ಬಿಟ್ಟರೆ ಮುಂದೆ ಕ್ಯಾನ್ಸರ್ ಆದೀತು. ಗುರುವಾರ ಬನ್ನಿ, ತೂತಿನಲ್ಲೇ ಮಾಡುತ್ತೇವೆ, ಮೂರು ದಿನಕ್ಕೆ ಮನೆಗೆ." ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದ ಮೇಲೆ ನಮ್ಮ ಯಜಮಾನರ ಕೈ ನಡುಗುವುದಕ್ಕೆ ಆರಂಭವಾಯಿತು. ಸಣ್ಣ ಕಿರಾಣಿ ಅಂಗಡಿಯವರು ಅವರು. ದಿನದ ಲಾಭ ದಿನಕ್ಕೆ ಸರಿಹೋಗುತ್ತದೆ. ಅಂದೇ ಸಾಯಂಕಾಲ ನನ್ನ ಎರಡೆಳೆ ಸರ ಅಡ ಇಡುವ ಮಾತಾಯಿತು.

ಗುರುವಾರಕ್ಕೆ ಇನ್ನೂ ಮೂರು ದಿನವಿತ್ತು. ಆ ಮೂರು ದಿನ ಇಲ್ಲದಿದ್ದರೆ ನಾನು ಇಂದು ಈ ಮಾತು ಆಡುತ್ತಿರಲಿಲ್ಲ. ವಿಮಾ ದವಾಖಾನೆಯ ಹಿರಿಯ ನರ್ಸಮ್ಮ ಒಬ್ಬರು ನನ್ನ ಕಾಗದಗಳನ್ನು ನೋಡಿ ಒಂದೇ ಪ್ರಶ್ನೆ ಕೇಳಿದರು: "ಒಳಪದರದ ಬಯಾಪ್ಸಿ ಮಾಡಿದ್ದಾರಾ?" ಇಲ್ಲ ಎಂದೆ. "ಹಾಗಾದರೆ ಕ್ಯಾನ್ಸರ್ ಆದೀತೆಂದು ಯಾವುದನ್ನು ನೋಡಿ ಹೇಳಿದರು? ನಿನ್ನ ಮೈಯಲ್ಲಿ ಈಗ ಇರುವ ರಕ್ತಕ್ಕೆ ಆಪರೇಷನ್ ಮಾಡಿಸಿಕೊಳ್ಳುವುದು ಹೇಗೆ? ಇನ್ನೊಬ್ಬ ಡಾಕ್ಟರಿಗೆ ತೋರಿಸಮ್ಮ." ಒಂದು ವಾರದೊಳಗೆ ಜೀವ ಹೋಗುವ ರೋಗ ಇದಲ್ಲ ಎಂದೂ ಅವರು ಹೇಳಿದರು.

ಇಲ್ಲಿ ಸ್ವಲ್ಪ ನನ್ನ ಕಥೆ ನಿಲ್ಲಿಸುತ್ತೇನೆ. ಈ ಅವಸರ ನನ್ನೊಬ್ಬಳ ಅನುಭವವಲ್ಲ. 2019ರಲ್ಲಿ ಪಕ್ಕದ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ವಿಚಾರ ದೇಶವೆಲ್ಲ ಕೇಳಿತು. ಕಬ್ಬು ಕಡಿಯಲು ಹೋಗುವ ಹೆಂಗಸರು ಅವರು. ಗಂಡ ಹೆಂಡತಿ ಇಬ್ಬರಿಗೂ ಸೇರಿ ಮುಂಗಡ ಕೊಡುವ ಗುತ್ತಿಗೆದಾರ, ಒಂದು ದಿನ ಕೆಲಸ ತಪ್ಪಿದರೆ ದಂಡ ಹಾಕುತ್ತಾನೆ. ಮುಟ್ಟಿನ ದಿನ ಎಂದರೆ ದಂಡದ ದಿನ. ಸರ್ಕಾರ ನೇಮಿಸಿದ ಸಮಿತಿ 82 ಸಾವಿರ ಹೆಂಗಸರನ್ನು ವಿಚಾರಿಸಿದಾಗ 13 ಸಾವಿರಕ್ಕೂ ಮೀರಿ ಗರ್ಭಕೋಶ ತೆಗೆಸಿಕೊಂಡವರಿದ್ದರು. ಬೀಡ್ ದೂರವೆನ್ನುವುದಾದರೆ ನಮ್ಮ ಕಲಬುರಗಿಯನ್ನು ನೋಡಿ. 2015ರಲ್ಲಿ ಅಲ್ಲಿ ತನಿಖೆಯಾದಾಗ 2,000ಕ್ಕೂ ಹೆಚ್ಚು ಹೆಂಗಸರ ಲೆಕ್ಕ ಹೊರಬಿತ್ತು. ಬಹಳ ಮಂದಿ ತಾಂಡಾಗಳ ಲಂಬಾಣಿ ಹೆಂಗಸರು ಮತ್ತು ದಲಿತ ಹೆಂಗಸರು. ಹೊಟ್ಟೆನೋವು, ಬೆನ್ನುನೋವು ಎಂದು ಹೋದವರು ಗರ್ಭಕೋಶ ಕಳೆದುಕೊಂಡು ಬಂದಿದ್ದರು. ಶ್ರೀಮಂತರ ಮನೆಯ ಹೆಂಗಸಿಗೆ ಬೆನ್ನು ನೋವಾದರೆ ಬೆನ್ನಿಗೆ ಔಷಧ ಕೊಡುತ್ತಾರೆ.

ಕೇಂದ್ರ ಸರ್ಕಾರದ ಕುಟುಂಬ ಆರೋಗ್ಯ ಸಮೀಕ್ಷೆ 2019ರಿಂದ 2021ರವರೆಗೆ ನಡೆದುದರಲ್ಲಿ, 15ರಿಂದ 49 ವಯಸ್ಸಿನ ಹೆಂಗಸರ ಪೈಕಿ ದೇಶದಲ್ಲಿ ನೂರಕ್ಕೆ ಮೂವರಿಗೆ ಈ ಆಪರೇಷನ್ ಆಗಿತ್ತು. ನೆರೆಯ ಆಂಧ್ರದಲ್ಲಿ ನೂರಕ್ಕೆ ಎಂಟೊಂಬತ್ತು. ಹತ್ತರಲ್ಲಿ ಸುಮಾರು ಏಳು ಖಾಸಗಿ ಆಸ್ಪತ್ರೆಗಳಲ್ಲಿ ಆದುವು. ರಾಜಸ್ಥಾನ, ಬಿಹಾರ, ಛತ್ತೀಸಗಢಗಳಲ್ಲಿ ನಡೆದ ಅನಾವಶ್ಯಕ ಆಪರೇಷನ್ನುಗಳ ಬಗ್ಗೆ ಒಬ್ಬ ಡಾಕ್ಟರೇ ಸುಪ್ರೀಂ ಕೋರ್ಟಿಗೆ ಹೋದರು. 2023ರ ಏಪ್ರಿಲ್ 5ರಂದು ಕೋರ್ಟು, ಆರೋಗ್ಯ ಇಲಾಖೆ 2022ರಲ್ಲಿ ಹೊರಡಿಸಿದ ನಿಯಮಗಳನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಹೇಳಿತು. ಆ ನಿಯಮಗಳಲ್ಲಿ ಜಿಲ್ಲಾ ಮಟ್ಟದ ಉಸ್ತುವಾರಿ ಸಮಿತಿಯೂ ಒಂದು. ನಮ್ಮ ಜಿಲ್ಲೆಯ ಸಮಿತಿ ಎಷ್ಟು ಸಲ ಕೂತಿದೆ, ಯಾವ ಲೆಕ್ಕ ನೋಡಿದೆ ಎಂದು ಸಂಘದ ಕಾರ್ಯದರ್ಶಿಗಳು ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಲಿ ಎಂದು ನಾನು ಈ ವೇದಿಕೆಯಿಂದಲೇ ಕೇಳುತ್ತೇನೆ.

ಹಾಗೆಂದು ಈ ಆಪರೇಷನ್ನೇ ಪಾಪ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ನಾನೇ ಸುಳ್ಳುಗಾತಿಯಾಗುತ್ತೇನೆ, ಏಕೆಂದರೆ ನಾನೂ ಮಾಡಿಸಿಕೊಂಡವಳೇ. ಗರ್ಭಕೋಶದ ಕ್ಯಾನ್ಸರ್ ಇದ್ದಾಗ, ಔಷಧಕ್ಕೆ ಬಗ್ಗದ ರಕ್ತಸ್ರಾವವಿದ್ದಾಗ, ಗರ್ಭಕೋಶ ಜಾರಿ ಹೊರಗೆ ಬಂದಾಗ ಇದು ಹೆಂಗಸಿಗೆ ಜೀವ ಮರಳಿ ಕೊಡುತ್ತದೆ. ಆದರೆ ಬಿಳಿಸೆರಗಿಗೆ ಗರ್ಭಕೋಶ ತೆಗೆಯುವುದು, ಬೆನ್ನುನೋವಿಗೆ ತೆಗೆಯುವುದು, ಮುಟ್ಟಿನ ಕಾಟವೇ ಬೇಡವೆಂದು ಮೂವತ್ತು ವರ್ಷದವಳಿಗೆ ತೆಗೆಯುವುದು, ಇವು ಬೇರೆ ಮಾತು. ನಮ್ಮ ಬೀದಿಯಲ್ಲಿ ಹೂ ಮಾರುವ ಒಬ್ಬ ತಂಗಿಗೆ 34ಕ್ಕೇ ಗರ್ಭಕೋಶದ ಜೊತೆ ಎರಡು ಅಂಡಾಶಯಗಳನ್ನೂ ತೆಗೆದರು. ಹೋದುದು ಬಿಳಿಸೆರಗಿಗೆ, ಅದಕ್ಕೆ ಮಾತ್ರೆಯಿದೆ. ಅಂಡಾಶಯ ಹೋದರೆ ಅಂದೇ ಮುಟ್ಟು ನಿಲ್ಲುವ ವಯಸ್ಸು ಬಂದಂತೆ. ಮೈಯೆಲ್ಲ ಬಿಸಿ ಹತ್ತುವುದು, ರಾತ್ರಿ ಬೆವರು, ನಿದ್ದೆಯಿಲ್ಲ, ಎಲುಬು ಸವೆಯುವುದು, ಹೃದಯಕ್ಕೂ ಅಪಾಯ ಹೆಚ್ಚುವುದು. ಈಗ ಅವಳಿಗೆ ನಲವತ್ತು. ಬುಟ್ಟಿ ಹೊತ್ತು ನಡೆಯುವಾಗ ಅರವತ್ತರ ಮುದುಕಿಯಂತೆ ನಿಂತು ನಿಂತು ಹೋಗುತ್ತಾಳೆ. ಅಂಡಾಶಯವನ್ನೂ ತೆಗೆದಿದ್ದಾರೆಂದು ಅವಳಿಗೆ ಗೊತ್ತಾದುದು ಎರಡು ವರ್ಷದ ಮೇಲೆ, ಇನ್ನೊಂದು ಕಡೆಯ ಸ್ಕ್ಯಾನಿಂಗಿನಲ್ಲಿ.

ಎರಡನೆಯ ಡಾಕ್ಟರಮ್ಮನವರು ನನ್ನನ್ನು ಕೂಡಿಸಿಕೊಂಡು ಅರ್ಧ ಗಂಟೆ ಮಾತಾಡಿದರು. ಫೈಬ್ರಾಯ್ಡ್ ಗಡ್ಡೆ ಬಹಳ ಹೆಂಗಸರಿಗೆ ಇರುತ್ತದೆ, ಅದು ಕ್ಯಾನ್ಸರ್ ಆಗಿರುವುದು ತೀರ ಅಪರೂಪ, ಮುಟ್ಟು ನಿಂತ ಮೇಲೆ ತಾನಾಗಿ ಕುಗ್ಗುವುದೂ ಉಂಟು ಎಂದರು. ಗರ್ಭಕೊರಳಿನ ಪರೀಕ್ಷೆ, ಒಳಪದರದ ಬಯಾಪ್ಸಿ ಎರಡನ್ನೂ ಮಾಡಿಸಿದರು. ಕ್ಯಾನ್ಸರ್ ಇರಲಿಲ್ಲ. ಆಮೇಲೆ ದಾರಿಗಳನ್ನು ಒಂದೊಂದಾಗಿ ಮುಂದಿಟ್ಟರು: ರಕ್ತ ಕಡಮೆ ಮಾಡುವ ಟ್ರಾನೆಕ್ಸಾಮಿಕ್ ಮಾತ್ರೆ, ಹಾರ್ಮೋನ್ ಮಾತ್ರೆ, ವಂಕಿಯ ಹಾಗೆ ಒಳಗೆ ಇಡುವ ಹಾರ್ಮೋನ್ ಸಾಧನ, ಅದು ಐದು ವರ್ಷಕ್ಕೂ ಹೆಚ್ಚು ಕೆಲಸ ಮಾಡುತ್ತದೆ, ಗಡ್ಡೆ ಮಾತ್ರ ತೆಗೆದು ಗರ್ಭಕೋಶ ಉಳಿಸುವುದು, ದೊಡ್ಡ ಊರುಗಳಲ್ಲಿ ಗಡ್ಡೆಗೆ ಹೋಗುವ ರಕ್ತನಾಳ ಮುಚ್ಚುವ ಚಿಕಿತ್ಸೆ. ಎಲ್ಲದರ ಕೊನೆಯಲ್ಲಿ ಗರ್ಭಕೋಶ ತೆಗೆಯುವುದು. ಮೊದಲಿನವರು ಕೊನೆಯದನ್ನು ಮೊದಲು ಹೇಳಿದ್ದರು.

ಎಂಟು ತಿಂಗಳು ಔಷಧ ತೆಗೆದುಕೊಂಡೆ. ಕಬ್ಬಿಣದ ಅಂಶವನ್ನು ಮಾತ್ರೆಯಲ್ಲೂ, ನರಕ್ಕೆ ಡ್ರಿಪ್ ಮೂಲಕವೂ ಕೊಟ್ಟರು. ಹಿಮೋಗ್ಲೋಬಿನ್ 11ಕ್ಕೆ ಏರಿತು. ಆದರೆ ಔಷಧ ನಿಲ್ಲಿಸಿದ ತಿಂಗಳೇ ಮತ್ತೆ ಹಳೆಯ ಹಾಡು. ಗಡ್ಡೆಯೊಂದು ಒಳಪದರದ ಕಡೆಗೇ ಚಾಚಿಕೊಂಡಿದ್ದುದರಿಂದ ಒಳಗಿಡುವ ಸಾಧನ ನಿಲ್ಲುವ ಭರವಸೆಯಿರಲಿಲ್ಲ. ಗರ್ಭಕೋಶ ಮೂರೂವರೆ ತಿಂಗಳ ಬಸುರಿಗಿರುವಷ್ಟು ದೊಡ್ಡದಾಗಿತ್ತು. ಆಗ ನನಗೆ 46. ಮುಟ್ಟು ತಾನಾಗಿ ನಿಲ್ಲಲು ಇನ್ನೂ ನಾಲ್ಕೈದು ವರ್ಷ ಕಾಯಬೇಕು. ಕಾಯುವುದೋ, ತೆಗೆಸುವುದೋ? ಡಾಕ್ಟರಮ್ಮ ತಾವು ಹೇಳಲಿಲ್ಲ. "ಎರಡೂ ತಪ್ಪಲ್ಲ. ನೀನು ಯೋಚಿಸಿ ಬಾ" ಎಂದು ಕಳಿಸಿದರು. ಅದೇ ಗರ್ಭಕೋಶ, ಅದೇ ಆಪರೇಷನ್ನು. ಆದರೆ ಹೆದರಿಸಿ ಮಾಡುವುದಕ್ಕೂ ತಿಳಿದು ಮಾಡಿಸಿಕೊಳ್ಳುವುದಕ್ಕೂ ಎಷ್ಟು ಅಂತರ ಎಂಬುದು ನನಗೆ ಆವೊತ್ತು ಗೊತ್ತಾಯಿತು. ಮೂರು ವಾರ ಯೋಚಿಸಿ, ಮಾಡಿಸಿಕೊಳ್ಳುತ್ತೇನೆ ಎಂದೆ. 2023ರ ಆಗಸ್ಟಿನಲ್ಲಿ ಆಯಿತು.

ಸಹಿಯ ವಿಷಯ ಹೇಳಲೇಬೇಕು. ಹಿಂದಿನ ರಾತ್ರಿ ನಾಲ್ಕು ಪುಟದ ಕಾಗದ ತಂದು, "ಗಂಡಸರು ಯಾರಿದ್ದೀರಿ? ಇಲ್ಲಿ ರುಜು ಹಾಕಿ" ಎಂದರು. ನಮ್ಮ ಯಜಮಾನರು ಎದ್ದು ಪೆನ್ನು ತೆಗೆದುಕೊಂಡವರು ನನ್ನ ಮುಖ ನೋಡಿದರು. "ಹೊಟ್ಟೆ ಅವಳದು, ಓದುಬರಹ ಅವಳಿಗೂ ಬರುತ್ತದೆ, ಅವಳಿಗೇ ಕೊಡಿ" ಎಂದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಆಡಿದ ಒಳ್ಳೆಯ ಮಾತುಗಳಲ್ಲಿ ಅದೂ ಒಂದು. ಕಾಗದ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳಿ ಎಂದು ಕೇಳಿದೆ. ಚಿಕ್ಕ ಡಾಕ್ಟರರು ಬಂದು ಸಾಲುಸಾಲಾಗಿ ಹೇಳಿದರು.

ಇದು ಕಾನೂನಿನ ಮಾತೂ ಹೌದು. ದಿಲ್ಲಿಯಲ್ಲಿ 1995ರಲ್ಲಿ ಸಮೀರಾ ಕೊಹ್ಲಿ ಎಂಬವರು, 44 ವರ್ಷದ ಅವಿವಾಹಿತೆ, ಹೊಟ್ಟೆಯೊಳಗೆ ಕ್ಯಾಮೆರಾ ಹಾಕಿ ನೋಡುವ ಪರೀಕ್ಷೆಗೆಂದು ಅರಿವಳಿಕೆ ತೆಗೆದುಕೊಂಡರು. ಅವರು ಎಚ್ಚರ ತಪ್ಪಿರುವಾಗಲೇ ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ಎಲ್ಲವನ್ನೂ ತೆಗೆದುಬಿಟ್ಟರು. 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್ನಿಗೆ ಸಲ್ಲುವುದಿಲ್ಲ, ಜೀವಕ್ಕೆ ತತ್‌ಕ್ಷಣದ ಅಪಾಯವಿಲ್ಲದಿರುವಾಗ, ವಯಸ್ಸಿಗೆ ಬಂದ ಹೆಂಗಸಿನ ಪರವಾಗಿ ತಾಯಿ ಒಪ್ಪಿಗೆ ಕೊಡಲಾಗುವುದಿಲ್ಲ, ಏನು ಮಾಡುತ್ತೇವೆ, ಅಪಾಯವೇನು, ಬೇರೆ ದಾರಿಯೇನು ಎಂದು ತಿಳಿಸಿದ ಮೇಲಿನ ಒಪ್ಪಿಗೆಯೇ ಒಪ್ಪಿಗೆ. ಪರಿಹಾರ ಕೊಡಿಸಿದ್ದು 25 ಸಾವಿರ ರೂಪಾಯಿ. ಹದಿಮೂರು ವರ್ಷದ ಹೋರಾಟಕ್ಕೆ ಅದು ಯಾವ ಲೆಕ್ಕ! ಆದರೆ ಆ ಹೆಣ್ಣುಮಗಳು ಗೆದ್ದುಕೊಟ್ಟ ಹಕ್ಕು ಇಂದು ಇಲ್ಲಿರುವ ಪ್ರತಿಯೊಬ್ಬ ಹೆಂಗಸಿಗೂ ಇದೆ.

ಇನ್ನು ತೂತಿನ ಆಪರೇಷನ್ನು ಎಂದರೇನು? ಇದನ್ನು ಮೊದಲು ಮಾಡಿದವರು ಅಮೆರಿಕದ ಹ್ಯಾರಿ ರೈಕ್ ಎಂಬ ಡಾಕ್ಟರರು, 1988ರಲ್ಲಿ. ಪೂರ್ತಿ ಎಚ್ಚರ ತಪ್ಪಿಸಿ, ಹೊಕ್ಕುಳ ಹತ್ತಿರ ಒಂದು, ಆಚೀಚೆ ಎರಡು ಮೂರು ಸಣ್ಣ ತೂತು ಮಾಡುತ್ತಾರೆ. ಸೋಡಾ ಬಾಟಲಿಯಲ್ಲಿರುತ್ತದಲ್ಲ, ಅದೇ ಇಂಗಾಲದ ಗಾಳಿ ತುಂಬಿ ಹೊಟ್ಟೆಯನ್ನು ಡೇರೆಯ ಹಾಗೆ ಎತ್ತುತ್ತಾರೆ. ಒಂದು ತೂತಿನಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಉದ್ದನೆಯ ಹತಾರಗಳು. ಗರ್ಭಕೋಶವನ್ನು ಹಿಡಿದಿರುವ ಕಟ್ಟುಗಳನ್ನು ಬಿಡಿಸಿ, ರಕ್ತನಾಳಗಳನ್ನು ವಿದ್ಯುತ್ತಿನ ಶಾಖದಿಂದ ಮುಚ್ಚಿ, ಕೆಳಗಿನ ದಾರಿಯಿಂದ ಅದನ್ನು ಹೊರಗೆ ತೆಗೆದು, ಯೋನಿಯ ಮೇಲ್ತುದಿಯನ್ನು ಹೊಲಿಯುತ್ತಾರೆ. ಈ ಹೊಲಿಗೆಯನ್ನು ನೆನಪಿಡಿ, ಮುಂದೆ ಅದೇ ಬರುತ್ತದೆ. ಗರ್ಭಕೋಶ ಬಹಳ ದೊಡ್ಡದಾಗಿದ್ದರೆ ಒಳಗೇ ತುಂಡು ಮಾಡಿ ತೆಗೆಯುವುದುಂಟು. ಗಡ್ಡೆಯಲ್ಲಿ ಗೊತ್ತಿಲ್ಲದ ಕ್ಯಾನ್ಸರ್ ಇದ್ದರೆ ಅದು ಹೊಟ್ಟೆಯೊಳಗೆ ಚೆಲ್ಲಾಡೀತೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ ಎಚ್ಚರಿಕೆ ಕೊಟ್ಟಿದೆ. ತುಂಡು ಮಾಡುತ್ತೀರಾ, ಮಾಡುವುದಾದರೆ ಚೀಲದೊಳಗಿಟ್ಟು ಮಾಡುತ್ತೀರಾ ಎಂದು ಕೇಳಿ. ನೂರಕ್ಕೆ ಒಬ್ಬರ ಸುಮಾರಿಗೆ ಮೂತ್ರಚೀಲಕ್ಕೋ ಮೂತ್ರನಾಳಕ್ಕೋ ಗಾಯವಾಗುವುದುಂಟು; ಕೆಲವು ಸಲ ನಡುವೆ ಹೊಟ್ಟೆ ಕೊಯ್ದೇ ಮುಗಿಸಬೇಕಾಗುತ್ತದೆ. ಗರ್ಭಕೋಶ ಸಣ್ಣದಿದ್ದರೆ, ಜಾರಿದ್ದರೆ, ಹೊಟ್ಟೆಗೆ ಒಂದು ತೂತೂ ಇಲ್ಲದೆ ಕೆಳಗಿನಿಂದಲೇ ತೆಗೆಯುವ ಹಳೆಯ ಕ್ರಮವೂ ಇದೆ. ಅದು ಖರ್ಚಿಗೂ ಕಡಮೆ. ಮಷೀನು ತಂದವರು ಮಷೀನಿನ ಮಾತನ್ನೇ ಆಡುತ್ತಾರೆ. ಗಿರಣಿಯವರಿಗೆ ಇದು ಹೊಸದಲ್ಲ.

ನನ್ನ ಅಂಡಾಶಯಗಳು ಸರಿಯಾಗಿದ್ದುದರಿಂದ ಉಳಿಸಿದರು. ಎಚ್ಚರವಾದಾಗ ಹೊಟ್ಟೆಗಿಂತ ಹೆಚ್ಚು ನೋವು ಭುಜದಲ್ಲಿತ್ತು. ಆಪರೇಷನ್ ಹೊಟ್ಟೆಗೆ, ನೋವು ಭುಜಕ್ಕೆ! ಗಾಬರಿಯಾಯಿತು. ತುಂಬಿದ ಗಾಳಿ ಪೂರ್ತಿ ಹೋಗುವ ತನಕ ಹಾಗಿರುತ್ತದೆ, ಎರಡು ದಿನ ಎಂದರು, ಹಾಗೇ ಆಯಿತು. ಮರುದಿನವೇ ಎಬ್ಬಿಸಿ ನಡೆಸಿದರು, ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟಬಾರದೆಂದು. ಮೂರನೆಯ ದಿನ ಮನೆಗೆ ಬಂದೆ.

ಮನೆಯಲ್ಲಿ ಮೊದಲು ಎದುರಾದುದು ನಂಜಿನ ಪಟ್ಟಿ. ಬದನೆಕಾಯಿ ನಂಜು, ಮೊಟ್ಟೆ ನಂಜು, ಬೇಳೆ ವಾಯು ಎಂದು ಅತ್ತೆಯವರು ಬರಿಯ ಗಂಜಿ, ಮೆಣಸಿನ ಸಾರಿಗೆ ತಂದಿಟ್ಟರು. ಪ್ರೀತಿಯಿಂದಲೇ ಮಾಡಿದುದು, ಆದರೆ ಗಾಯ ಮಾಯುವುದಕ್ಕೆ ಬೇಕಾದುದೇ ಮೊಟ್ಟೆ, ಬೇಳೆ, ಸೊಪ್ಪು. ನಾರಿಲ್ಲದ ಊಟಕ್ಕೆ ಮಲಬದ್ಧತೆಯಾಗಿ ತಿಣುಕಿದರೆ ಒಳಗಿನ ಹೊಲಿಗೆಯ ಮೇಲೆ ಭಾರ ಬೀಳುತ್ತದೆ. ಡಾಕ್ಟರಮ್ಮನ ಚೀಟಿ ತೋರಿಸಿದ ಮೇಲೆ ಅತ್ತೆ ಒಪ್ಪಿದರು. ಬದನೆಕಾಯಿ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ.

ಹತ್ತು ದಿನಕ್ಕೆ ಹೊರಗಿನ ಗಾಯ ಮಾಯ್ದುಹೋಯಿತು. ಒಂದೊಂದು ಬೆರಳುಗುರಿನಷ್ಟು ನಾಲ್ಕು ಗುರುತು. ನೆಗೆಣ್ಣಿ ನೋಡಿ, "ಇಷ್ಟೇನಾ? ಇದಕ್ಕೆ ಇಷ್ಟು ಮಲಗಬೇಕಾ?" ಎಂದಳು. ನನಗೂ ನಾಚಿಕೆಯಾಯಿತು. ಹನ್ನೆರಡನೆಯ ದಿನ ಯಜಮಾನರು ಮಾರ್ಕೆಟ್ಟಿಗೆ ಹೋಗಿದ್ದರು, ಅಂಗಡಿಗೆ ಗಿರಾಕಿ ಬಂದರು. ಸಕ್ಕರೆಯ ಡಬ್ಬ, ಹತ್ತು ಹನ್ನೆರಡು ಕಿಲೋ ಇದ್ದೀತು, ಎತ್ತಿ ಕಟ್ಟೆಯ ಮೇಲಿಟ್ಟೆ. ಆಗ ಏನೂ ಆಗಲಿಲ್ಲ. ರಾತ್ರಿ ಹಾಸಿಗೆ ಒದ್ದೆಯಾಯಿತು. ಕೆಂಪು ಹಸಿ ರಕ್ತ. ಆಟೋದಲ್ಲಿ ಆಸ್ಪತ್ರೆಗೆ ಒಯ್ದರು. ಮೇಲ್ತುದಿಯ ಹೊಲಿಗೆಯ ಜಾಗದಿಂದ ರಕ್ತ ಬರುತ್ತಿತ್ತು. ಬಟ್ಟೆ ಒತ್ತಿ, ಔಷಧ ಕೊಟ್ಟು, ಎರಡು ದಿನ ಇಟ್ಟುಕೊಂಡರು. ಇನ್ನೊಂದು ಆಪರೇಷನ್ ತಪ್ಪಿದುದೇ ಪುಣ್ಯ. ಡಾಕ್ಟರಮ್ಮ ಬೈಯಲಿಲ್ಲ, ಒಂದು ಮಾತು ಹೇಳಿದರು: "ತೂತು ಚಿಕ್ಕದಮ್ಮ, ಗಾಯ ಚಿಕ್ಕದಲ್ಲ. ಹೊಟ್ಟೆ ಕೊಯ್ದವರಿಗೆ ಒಳಗೆ ಎಷ್ಟು ಕತ್ತರಿಸುತ್ತೇವೋ ನಿನಗೂ ಅಷ್ಟೇ ಕತ್ತರಿಸಿದ್ದೇವೆ. ಹೊಟ್ಟೆ ಕೊಯ್ದಿದ್ದರೆ ಮನೆಯವರು ಮಲಗಲು ಬಿಡುತ್ತಿದ್ದರು."

ಬಂಧುಗಳೇ, ಯೋಚಿಸಿ. ಹೆತ್ತವಳಿಗೆ ನಮ್ಮಲ್ಲಿ ಬಾಣಂತನವಿದೆ. ಎಷ್ಟೇ ಬಡವರಾಗಲಿ, ತೌರಿನವರು ಕರೆದೊಯ್ಯುತ್ತಾರೆ, ಎಣ್ಣೆ ನೀರು ಎರೆಯುತ್ತಾರೆ, ತಿಂಗಳುಗಟ್ಟಲೆ ಕೊಡ ಎತ್ತಲು ಬಿಡುವುದಿಲ್ಲ. ಮಗು ಹೊತ್ತ ಅದೇ ಗರ್ಭಕೋಶವನ್ನು ತೆಗೆಸಿಕೊಂಡು ಬಂದವಳಿಗೆ ಏನುಂಟು? ತೌರಿನಲ್ಲಿ ತಾಯಿ ಇರುವುದಿಲ್ಲ, ಮಗಳು ಗಂಡನ ಮನೆಯಲ್ಲಿರುತ್ತಾಳೆ, ಸೊಸೆ ಕೆಲಸಕ್ಕೆ ಹೋಗಿರುತ್ತಾಳೆ. ಕಾನೂನಿನಲ್ಲೂ ಅದೇ. 1961ರ ಹೆರಿಗೆ ಸೌಲಭ್ಯ ಕಾಯಿದೆಯಲ್ಲೂ, ಅದರ ಬದಲಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಹೆರಿಗೆಗೆ 26 ವಾರ ಇದೆ, ಗರ್ಭಪಾತವಾದರೆ 6 ವಾರ, ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡರೆ 2 ವಾರ ಸಂಬಳ ಸಹಿತ ರಜೆ ಇದೆ. ಗರ್ಭಕೋಶವನ್ನೇ ತೆಗೆದರೆ ಒಂದು ದಿನವೂ ಇಲ್ಲ. ಸರ್ಕಾರಕ್ಕೆ ಬೇಕಾದ ಆಪರೇಷನ್ನಿಗೆ ರಜೆ, ನಮಗೆ ಬೇಕಾದುದಕ್ಕೆ ಇಲ್ಲ.

ನಮ್ಮ ಮೇಸ್ತ್ರಿಯೂ ಮೂರನೆಯ ವಾರ ಫೋನು ಮಾಡಿದ. "ಈಗೆಲ್ಲ ತೂತಿನ ಆಪರೇಷನ್ನು, ಹದಿನೈದು ದಿನಕ್ಕೆ ಬರುತ್ತಾರಂತೆ" ಎಂದ. ಕೂತು ಮಾಡುವ ಕಚೇರಿ ಕೆಲಸಕ್ಕೆ ಮೂರನೆಯ ನಾಲ್ಕನೆಯ ವಾರಕ್ಕೆ ಹೋಗಬಹುದು, ಡಾಕ್ಟರರೂ ಹಾಗೆ ಹೇಳುತ್ತಾರೆ. ಎಂಟು ಗಂಟೆ ನಿಂತು, ಬುಟ್ಟಿ ಎಳೆದು, ಕೋನುಗಳ ಪೆಟ್ಟಿಗೆ ಎತ್ತುವ ಕೆಲಸಕ್ಕೆ ಆರು ವಾರ ಬೇಕೇ ಬೇಕು. ಆರು ವಾರದವರೆಗೆ ತುಂಬಿದ ಕೊಡ ಎತ್ತಬಾರದು, ನಾಲ್ಕೈದು ಕಿಲೋಗೆ ಮೇಲಿನದೇನೂ ಬೇಡ. ಗಂಡ ಹೆಂಡಿರ ಸಂಬಂಧವೂ ಆರರಿಂದ ಎಂಟು ವಾರ ಬೇಡ, ಡಾಕ್ಟರರು ನೋಡಿ ಹೊಲಿಗೆ ಕೂಡಿದೆ ಎಂದ ಮೇಲೆಯೇ. ಗಂಡಸರು ತಲೆ ತಗ್ಗಿಸಬೇಕಾಗಿಲ್ಲ, ಕೇಳಿಸಿಕೊಂಡರೆ ಸಾಕು. ಆಮೇಲೆ ಎಂದಿನಂತೆ, "ಹೆಣ್ತನ ಹೋಗುತ್ತದೆ" ಎಂಬುದು ಹೇಳಿಕೆಯ ಮಾತು.

ರಾಜ್ಯ ವಿಮೆ ಇರುವವರಿಗೆ ಒಂದು ಆಸರೆಯಿದೆ; ಬಹಳ ಮಂದಿ ಅದನ್ನು ಬಿಟ್ಟುಕೊಡುತ್ತಾರೆ. ಇ.ಎಸ್.ಐ. ವಂತಿಗೆ ಆರು ತಿಂಗಳ ಅವಧಿಯಲ್ಲಿ 78 ದಿನ ಸಂದಿದ್ದರೆ, ಕಾಯಿಲೆಯ ರಜೆಗೆ ಸರಾಸರಿ ಕೂಲಿಯಲ್ಲಿ ನೂರಕ್ಕೆ 70ರಂತೆ ವರ್ಷಕ್ಕೆ 91 ದಿನದವರೆಗೆ ಕೊಡುತ್ತಾರೆ. ಮೊದಲ ಎರಡು ದಿನಕ್ಕೆ ಬರುವುದಿಲ್ಲ. ಸರ್ಟಿಫಿಕೇಟನ್ನು ತಪ್ಪದೆ ದವಾಖಾನೆಯಿಂದ ಪಡೆಯುತ್ತಿರಬೇಕು. ನಾನು 42 ದಿನ ರಜೆ ಹಾಕಿ, ಎರಡು ದಿನ ಕಳೆದು, 40 ದಿನದ್ದು ಪಡೆದೆ. ಉಳಿದ ನೂರಕ್ಕೆ 30 ನಮ್ಮ ಮನೆಯ ನಷ್ಟ. ಮುಂದಿನ ಒಪ್ಪಂದದ ಬೇಡಿಕೆ ಪಟ್ಟಿಯಲ್ಲಿ ಈ 30ನ್ನು ಮಾಲೀಕರು ತುಂಬಬೇಕು, ಮರಳಿ ಬಂದ ಮೊದಲ ತಿಂಗಳು ಹಗುರ ಕೆಲಸ ಕೊಡಬೇಕು, ಕೂರಲು ಒಂದು ಸ್ಟೂಲು ಇಡಬೇಕು ಎಂಬುದನ್ನು ಸೇರಿಸಿ. ಬೋನಸ್ಸಿಗೆ ಕೂಗಿದಷ್ಟೇ ಗಟ್ಟಿಯಾಗಿ ಇದಕ್ಕೂ ಗಂಡಸರು ಕೂಗಬೇಕು.

ಅಂಗಡಿಯವರ, ತಳ್ಳುಗಾಡಿಯವರ ಮನೆಯ ಹೆಂಗಸರಿಗೆ ಆ 70ರ ಪಾಲೂ ಇಲ್ಲ. ಆಯುಷ್ಮಾನ್ ಕಾರ್ಡಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಆಗದಿದ್ದರೆ ಅವರೇ ಬೇರೆ ಕಡೆಗೆ ಚೀಟಿ ಬರೆದುಕೊಡುತ್ತಾರೆ. ಆಪರೇಷನ್ನಿನ ಖರ್ಚಿಗೆ ಅದು ಆಗುತ್ತದೆ, ಆರು ವಾರದ ಅಂಗಡಿಯ ಕೆಲಸಕ್ಕೆ ಆಗುವುದಿಲ್ಲ. ನಮ್ಮ ಓಣಿಯ ನಾಲ್ಕು ಅಂಗಡಿಯವರು ಈಗ ಒಂದು ಏರ್ಪಾಟು ಮಾಡಿಕೊಂಡಿದ್ದಾರೆ: ಯಾರ ಮನೆಯಲ್ಲಿ ಆಪರೇಷನ್ ಆದರೂ ಉಳಿದ ಮೂರು ಮನೆಯವರು ಸರದಿಯ ಮೇಲೆ ನೀರು ತುಂಬುವುದು, ಮೂಟೆ ಇಳಿಸುವುದು. ನನ್ನ ಸಕ್ಕರೆ ಡಬ್ಬದಿಂದ ಬಂದ ಬುದ್ಧಿ ಅದು.

ಕೊನೆಗೆ, ಮನೆಗೆ ಬಂದ ಮೇಲೆ ಯಾವಾಗ ಓಡಬೇಕು? ಸ್ವಲ್ಪ ಕಂದು ಬಣ್ಣದ ಸ್ರಾವ ಕೆಲವು ವಾರ ಇರುವುದು ಸಹಜ. ಹಸಿ ರಕ್ತ ಹೆಚ್ಚಾಗಿ ಬಂದರೆ, ಚಳಿಜ್ವರ ಬಂದರೆ, ಸ್ರಾವ ದುರ್ವಾಸನೆ ಬಂದರೆ, ಮೂತ್ರ ಕಟ್ಟಿದರೆ ಅಥವಾ ತಾನಾಗಿ ಸೋರಿದರೆ, ಹೊಟ್ಟೆನೋವು ದಿನದಿಂದ ದಿನಕ್ಕೆ ಇಳಿಯುವ ಬದಲು ಏರಿದರೆ, ಒಂದು ಕಾಲು ಮಾತ್ರ ಬಾತರೆ, ಉಸಿರು ಹಿಡಿದರೆ, ಬೆಳಗಾಗಲಿ ಎಂದು ಕಾಯಬೇಡಿ. ತೆಗೆದ ಗರ್ಭಕೋಶದ ಪರೀಕ್ಷಾ ವರದಿಯನ್ನು ಮರೆಯದೆ ಕೇಳಿ ತೆಗೆದುಕೊಳ್ಳಿ. ಏನೇನು ತೆಗೆದರು ಎಂಬುದು ಅದರಲ್ಲಿ ಬರೆದಿರುತ್ತದೆ. ಹೂ ಮಾರುವ ಆ ತಂಗಿಯ ಬಳಿ ಆ ಕಾಗದವೂ ಇರಲಿಲ್ಲ.

ನನ್ನ ಫೈಲನ್ನು ತಂದಿದ್ದೇನೆ: ಸ್ಕ್ಯಾನಿಂಗಿನದು, ಬಯಾಪ್ಸಿಯದು, ಸರ್ಟಿಫಿಕೇಟುಗಳು ಎಲ್ಲ ಇವೆ. ಪ್ರಶ್ನೆಗಳಿದ್ದರೆ ಈಗ ಕೇಳಿ. ಇಲ್ಲಿ ಕೇಳಲು ಸಂಕೋಚವಾದವರು ಚಹಾ ಆದ ಮೇಲೆ ಒಳಗಿನ ಕೋಣೆಗೆ ಬನ್ನಿ, ಎರಡನೆಯ ಪಾಳಿಗೆ ಹೋಗುವ ತನಕ ನಾನು ಅಲ್ಲಿಯೇ ಕೂತಿರುತ್ತೇನೆ.